ಕೆಳಗೆ ಸ್ವಂತ ಮನೆ, ಮೇಲೆ ಬಾಡಿಗೆ ಮನೆ: ಕೂಡಿ ಕಳೆದರೆ ಉಳಿಯುವುದೆಷ್ಟು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಅವರ ಕಾಲದಲ್ಲಿ ಮನೆ ಕಟ್ಟುತ್ತಿದ್ದುದು ವಾಸಕ್ಕೆ. ಇಂದು ಊರಿನ ಹೊಸ ಬಡಾವಣೆಯಲ್ಲಿ ಒಮ್ಮೆ ಅಡ್ಡಾಡಿದರೆ ಬೇರೆಯೇ ನೋಟ ಕಾಣುತ್ತದೆ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ. ನೆಲಮಹಡಿಯಲ್ಲಿ ಮಾಲೀಕರ ಸಂಸಾರ. ಹೊರಗಡೆಯಿಂದಲೇ ಹತ್ತಿ ಹೋಗುವ ಮೆಟ್ಟಿಲು. ಮೇಲೆ ಎರಡು ಚಿಕ್ಕ ಮನೆ, ಅದರ ಮೇಲೆ ಇನ್ನೊಂದು. ಗೇಟಿಗೆ ನೇತುಹಾಕಿದ ‘ಮನೆ ಬಾಡಿಗೆಗಿದೆ’ ಎಂಬ ಫಲಕ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ನೌಕರನ ಕಣ್ಣಿಗೆ ಇದು ಎರಡನೆಯ ಪಿಂಚಣಿಯಂತೆ ಕಾಣುತ್ತದೆ. ‘ಬಾಡಿಗೆ ಬರುತ್ತೆ, ಅದರಲ್ಲೇ ಸಾಲದ ಕಂತು ತೀರುತ್ತೆ, ಕೊನೆಗೆ ಕಟ್ಟಡ ನಮ್ಮದೇ’ ಎಂಬ ಮಾತು ಊಟದ ಹೊತ್ತಿನಲ್ಲಿ ಹಲವು ಮನೆಗಳಲ್ಲಿ ಕೇಳಿಬರುತ್ತದೆ.

ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಎಷ್ಟು ಪಾಲು ನಿಜ ಎಂಬುದನ್ನು ಹತ್ತನೆಯ ತರಗತಿಯ ಗಣಿತ ಬಲ್ಲ ಯಾವ ವಿದ್ಯಾರ್ಥಿಯಾದರೂ ಒಂದು ಸಂಜೆಯಲ್ಲಿ ಲೆಕ್ಕ ಹಾಕಿ ಹೇಳಬಹುದು. ಮನೆಯ ಭವಿಷ್ಯನಿಧಿಯ ಹಣ, ಮಕ್ಕಳ ಓದಿನ ಹಣ ಎರಡೂ ಇದರಲ್ಲಿ ಸಿಕ್ಕಿಕೊಳ್ಳುವುದರಿಂದ ಆ ಲೆಕ್ಕವನ್ನು ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕೂತು ಮಾಡುವುದೇ ಸರಿ.

ವಠಾರದಿಂದ ಮಹಡಿ ಮನೆಗೆ

ಒಂದೇ ಜಾಗದಲ್ಲಿ ಹಲವು ಸಂಸಾರಗಳಿಗೆ ಮನೆ ಕಟ್ಟಿ ಬಾಡಿಗೆ ಪಡೆಯುವುದು ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನ ಅಪಾಯವನ್ನು ತೋರಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಗಳೊಂದಿಗೆ ಎದ್ದವು. ಇಂಥ ಬಡಾವಣೆಗಳಲ್ಲಿಯೇ ‘ವಠಾರ’ಗಳು ಬೆಳೆದವು. ನಡುವೆ ಒಂದು ಓಣಿ ಅಥವಾ ಅಂಗಳ, ಅದರ ಎರಡೂ ಬದಿಗೆ ಗೋಡೆಗೆ ಗೋಡೆ ತಾಗಿದ ಚಿಕ್ಕ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಹಿಂದೆ ಸಾಲು ಶೌಚಾಲಯ. ಹಳ್ಳಿಯಿಂದ ಓದಲು ಬಂದ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತ, ವರ್ಗವಾಗಿ ಬಂದ ಮೇಷ್ಟ್ರು ಎಲ್ಲರಿಗೂ ನಗರದ ಮೊದಲ ಮೆಟ್ಟಿಲು ವಠಾರವೇ ಆಗಿತ್ತು.

1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಬಡಾವಣೆಗಳು ಹೆಚ್ಚಿದಂತೆ ಮಧ್ಯಮ ವರ್ಗದ ಕನಸಿಗೆ ‘ಥರ್ಟಿ ಫಾರ್ಟಿ ಸೈಟು’ ಎಂಬ ಹೆಸರು ಅಂಟಿತು. ನೆಲದ ಬೆಲೆ ಏರಿದಂತೆಲ್ಲ ಅಡ್ಡಕ್ಕೆ ಹರಡಿದ್ದ ವಠಾರ ನೆಟ್ಟಗೆ ನಿಂತು ಮಹಡಿ ಮನೆಯಾಯಿತು. ಓಣಿಯ ಬದಲು ಮೆಟ್ಟಿಲು, ನಲ್ಲಿಯ ಬದಲು ತಾರಸಿಯ ಮೇಲಿನ ನೀರಿನ ತೊಟ್ಟಿ. ಇದ್ದದ್ದು ಅದೇ ವಠಾರ, ನಿಂತ ಭಂಗಿ ಮಾತ್ರ ಬೇರೆ.

ಈ ಉಪಾಯ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಬೋಸ್ಟನ್ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ‘ಟ್ರಿಪಲ್ ಡೆಕ್ಕರ್’ ಎಂಬ ಮೂರು ಮಹಡಿಯ ಮರದ ಮನೆಗಳು ಸಾವಿರಾರು ಸಂಖ್ಯೆಯಲ್ಲಿ ಎದ್ದವು. ಹೊರದೇಶದಿಂದ ಬಂದ ಕಾರ್ಮಿಕ ಕುಟುಂಬ ಒಂದು ಮಹಡಿಯಲ್ಲಿ ವಾಸಿಸಿ, ಉಳಿದೆರಡರ ಬಾಡಿಗೆಯಿಂದ ಸಾಲ ತೀರಿಸುತ್ತಿತ್ತು. ಅಲ್ಲಿ ಇಂದಿಗೂ ಮಾಲೀಕ ತಾನೂ ವಾಸವಿದ್ದರೆ ನಾಲ್ಕು ಮನೆಗಳವರೆಗಿನ ಕಟ್ಟಡಕ್ಕೆ ಸಾಮಾನ್ಯ ಗೃಹಸಾಲದಂತೆಯೇ ಸರ್ಕಾರಿ ಖಾತರಿಯ ಸಾಲ ಸಿಗುತ್ತದೆ. ‘ಮಾಲೀಕ ಅದೇ ಸೂರಿನಡಿ ಇದ್ದರೆ ಕಟ್ಟಡವನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ’ ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ.

ಒಂದು ಕುಟುಂಬ, ಒಂದು ಲೆಕ್ಕ

ಬೆಂಗಳೂರಿನಲ್ಲಿ ಒಂದು ಕುಟುಂಬವಿದೆ ಎಂದು ಕಲ್ಪಿಸಿಕೊಳ್ಳಿ. ತಂದೆಗೆ ನಿವೃತ್ತಿ ಹತ್ತಿರ. ಮಗಳು ಪದವಿ ಕೊನೆಯ ವರ್ಷ, ಮಗ ಪಿಯುಸಿ. ಹಿಂದೆಯೇ ಕೊಂಡಿದ್ದ 30×40 ನಿವೇಶನ ಇದೆ. ಅದರ ವಿಸ್ತೀರ್ಣ 1,200 ಚದರ ಅಡಿ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಇಂಥ ಚಿಕ್ಕ ನಿವೇಶನಗಳಿಗೆ ಗೊತ್ತುಮಾಡಿದ್ದ ನೆಲ-ಕಟ್ಟಡ ಅನುಪಾತ 1.75. ಅಂದರೆ ಎಲ್ಲ ಮಹಡಿ ಸೇರಿ 2,100 ಚದರ ಅಡಿ. ಮೂರು ಅಂತಸ್ತಿಗೆ ಹಂಚಿದರೆ ತಲಾ 700. ನೆಲಮಹಡಿ ಸ್ವಂತಕ್ಕೆ, ಮೊದಲನೆಯದರಲ್ಲಿ ಎರಡು ಚಿಕ್ಕ ಮನೆ, ಎರಡನೆಯದರಲ್ಲಿ ಒಂದು ದೊಡ್ಡ ಮನೆ. ಮೇಲೆ ಮೂರು ಬಾಡಿಗೆ ಸಂಸಾರ.

ಮುಂದಿನ ಅಂಕಿಗಳೆಲ್ಲ ಉದಾಹರಣೆಗೆ ಇಟ್ಟುಕೊಂಡವು; ಓದುಗರು ತಮ್ಮ ಊರಿನ ಅಂಕಿ ಹಾಕಿಕೊಳ್ಳಬೇಕು. ಚದರ ಅಡಿಗೆ 2,200 ರೂಪಾಯಿಯಂತೆ ಕಟ್ಟಡಕ್ಕೆ 46.2 ಲಕ್ಷ. ನಕ್ಷೆ ಮಂಜೂರಾತಿ, ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಇತ್ಯಾದಿ ಸೇರಿ ಒಟ್ಟು 50 ಲಕ್ಷ. ಕೈಯಲ್ಲಿರುವುದು 20 ಲಕ್ಷ. ಸಾಲ 30 ಲಕ್ಷ, ಶೇಕಡಾ 9ರ ಬಡ್ಡಿ, 20 ವರ್ಷ. ತಿಂಗಳ ಕಂತು 26,992 ರೂಪಾಯಿ.

ಚಿಕ್ಕ ಮನೆಗಳಿಗೆ ತಲಾ 11,000, ದೊಡ್ಡದಕ್ಕೆ 17,000 ಬಾಡಿಗೆ ಬಂತೆನ್ನಿ. ಒಟ್ಟು ತಿಂಗಳಿಗೆ 39,000. ಕಂತು 27,000, ಬಾಡಿಗೆ 39,000! ತಿಂಗಳಿಗೆ 12,000 ಲಾಭ ಎಂದು ಇಲ್ಲಿಗೇ ಪೆನ್ನು ಕೆಳಗಿಡುವವರು ಬಹಳ. ನಿಜವಾದ ಲೆಕ್ಕ ಇಲ್ಲಿಂದ ಶುರು.

ವರ್ಷದ ಬಾಡಿಗೆ 4,68,000. ಆದರೆ ಯಾವ ಮನೆಯೂ ವರ್ಷವಿಡೀ, ಎಲ್ಲ ವರ್ಷವೂ ತುಂಬಿರುವುದಿಲ್ಲ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಸುಣ್ಣ ಬಣ್ಣ, ದುರಸ್ತಿ, ಹುಡುಕಾಟ. ಸರಾಸರಿ ವರ್ಷಕ್ಕೊಂದು ತಿಂಗಳು ಖಾಲಿ ಎಂದರೆ 39,000 ಕಳೆಯಿತು. ಉಳಿದದ್ದು 4,29,000. ಆಸ್ತಿ ತೆರಿಗೆ 15,000, ಸಾರ್ವಜನಿಕ ದೀಪ, ಪಂಪು, ಗುಡಿಸುವವರ ಕೂಲಿ 24,000, ವಿಮೆ 5,000, ದುರಸ್ತಿಗೆ ಕಟ್ಟಡದ ವೆಚ್ಚದ ಶೇಕಡಾ 1ರಂತೆ 46,000. ಈ ಖರ್ಚು ಒಟ್ಟು 90,000. ಕೈಗೆ ಉಳಿಯುವುದು 3,39,000, ಅಂದರೆ ತಿಂಗಳಿಗೆ 28,250. ಕಂತು ಕಟ್ಟಿದ ಮೇಲೆ ಮಿಕ್ಕಿದ್ದು 1,258 ರೂಪಾಯಿ. ಹನ್ನೆರಡು ಸಾವಿರ ಹನ್ನೆರಡು ನೂರಕ್ಕೆ ಇಳಿಯಿತು.

ದುರಸ್ತಿಯ ಹಣ ಮೊದಲ ಐದು ವರ್ಷ ಬೇಕಾಗುವುದೇ ಇಲ್ಲವಲ್ಲ ಎಂಬ ಪ್ರಶ್ನೆ ಸಹಜ. ಹೊಸ ಕಟ್ಟಡಕ್ಕೆ ಖರ್ಚು ಕಡಿಮೆ ನಿಜ. ಆದರೆ ಎಂಟು ಹತ್ತು ವರ್ಷಕ್ಕೆ ಹೊರಗಿನ ಬಣ್ಣ, ತಾರಸಿಯ ಸೋರಿಕೆ, ಸುಟ್ಟ ಪಂಪು, ತುಕ್ಕು ಹಿಡಿದ ಕೊಳಾಯಿ ಎಲ್ಲ ಒಟ್ಟಿಗೆ ಬಾಗಿಲು ತಟ್ಟುತ್ತವೆ. ವರ್ಷ ವರ್ಷ ಎತ್ತಿಡದವರು ಆಗ ಒಡವೆ ಅಡವಿಡುತ್ತಾರೆ.

ಒಂದು ಅಂಕಿ ಬದಲಾದರೆ?

ವಿಜ್ಞಾನದ ಪ್ರಯೋಗದಲ್ಲಿ ಒಂದೊಂದೇ ಅಂಶವನ್ನು ಬದಲಿಸಿ ಫಲಿತಾಂಶ ನೋಡುವ ಪದ್ಧತಿಯಿದೆ. ಇಲ್ಲೂ ಅದನ್ನೇ ಮಾಡಬೇಕು.

ಗೃಹಸಾಲಗಳ ಬಡ್ಡಿ ಸಾಮಾನ್ಯವಾಗಿ ಬದಲಾಗುವ ಬಡ್ಡಿ. ಅದು ಶೇಕಡಾ 9ರಿಂದ 10ಕ್ಕೆ ಏರಿದರೆ ಅದೇ 30 ಲಕ್ಷಕ್ಕೆ ಕಂತು 28,951 ಆಗುತ್ತದೆ. ಉಳಿತಾಯದ 1,258 ಹೋಗಿ ತಿಂಗಳಿಗೆ 701 ರೂಪಾಯಿ ಕೈಯಿಂದ ಹಾಕಬೇಕು. ಬಡ್ಡಿ ಏರದೆ ದೊಡ್ಡ ಮನೆ ಇನ್ನೂ ಮೂರು ತಿಂಗಳು ಖಾಲಿ ಬಿದ್ದರೆ 51,000 ಖೋತಾ. ವರ್ಷದ ಉಳಿತಾಯ ಕೇವಲ 15,096. ಉಳಿದ ಸುಮಾರು 36,000 ಎಲ್ಲಿಂದ ಬರಬೇಕು? ಪಿಂಚಣಿಯಿಂದ, ಇಲ್ಲವೇ ಮಗಳ ಕಾಲೇಜು ಶುಲ್ಕದಿಂದ. ಆದ್ದರಿಂದ ಆರು ತಿಂಗಳ ಕಂತಿನಷ್ಟು, ಅಂದರೆ ಸುಮಾರು 1.6 ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ಬೇರೆಯಾಗಿಟ್ಟ ಮೇಲೆಯೇ ಗುದ್ದಲಿ ಪೂಜೆ ಮಾಡುವುದು ಜಾಣತನ.

ಇನ್ನು ಅವಧಿ. 20 ವರ್ಷದ ಬದಲು 15 ವರ್ಷಕ್ಕೆ ಸಾಲ ಮಾಡಿದರೆ ಕಂತು 30,428. ತಿಂಗಳಿಗೆ 3,436 ಮಾತ್ರ ಹೆಚ್ಚು. ಆದರೆ ಕೊನೆಗೆ ಕಟ್ಟಿದ ಮೊತ್ತ ನೋಡಿ. 20 ವರ್ಷಕ್ಕೆ 64.78 ಲಕ್ಷ, 15 ವರ್ಷಕ್ಕೆ 54.77 ಲಕ್ಷ. ವ್ಯತ್ಯಾಸ ಹತ್ತು ಲಕ್ಷ! ಕಾರಣ ಸರಳ. ಮೊದಲ ತಿಂಗಳ 26,992ರ ಕಂತಿನಲ್ಲಿ 22,500 ಬರಿಯ ಬಡ್ಡಿ, ಅಸಲಿಗೆ ಸಲ್ಲುವುದು 4,492 ಮಾತ್ರ. ಆರಂಭದ ವರ್ಷಗಳಲ್ಲಿ ಅಸಲಿಗೆ ಹೆಚ್ಚುವರಿಯಾಗಿ ಕಟ್ಟಿದ ಪ್ರತಿ ರೂಪಾಯಿಯೂ ಮುಂದಿನ ಎಲ್ಲ ತಿಂಗಳ ಬಡ್ಡಿಯನ್ನು ಕಡಿಮೆ ಮಾಡುತ್ತದೆ.

ಒಳ್ಳೆಯ ಕಡೆಯೂ ಇದೆ. ಬಾಡಿಗೆ ವರ್ಷಕ್ಕೆ ಶೇಕಡಾ 5ರಂತೆ ಏರಿದರೆ, 72ನ್ನು 5ರಿಂದ ಭಾಗಿಸುವ ಹಳೆಯ ಸೂತ್ರದಂತೆ, ಹದಿನಾಲ್ಕು ವರ್ಷ ಚಿಲ್ಲರೆಯಲ್ಲಿ ದುಪ್ಪಟ್ಟಾಗುತ್ತದೆ. ಬಡ್ಡಿ ದರ ಬದಲಾಗದಿದ್ದರೆ ಕಂತು ಇದ್ದಲ್ಲೇ ಇರುತ್ತದೆ. ಹೀಗಾಗಿ ಮೊದಲ ನಾಲ್ಕೈದು ವರ್ಷ ಉಸಿರು ಬಿಗಿಹಿಡಿದವರಿಗೆ ಆಮೇಲೆ ದಾರಿ ಇಳಿಜಾರು. ಕಷ್ಟಕ್ಕೆ ಸಿಕ್ಕುವವರು ಬಹುತೇಕ ಆರಂಭದಲ್ಲೇ ಸಿಕ್ಕುತ್ತಾರೆ.

ನಿವೇಶನದ ಬೆಲೆ ಎಲ್ಲಿ ಹೋಯಿತು?

ಈ ಲೆಕ್ಕದಲ್ಲಿ ಒಂದು ದೊಡ್ಡ ಅಂಕಿಯನ್ನೇ ಬಿಡಲಾಗಿದೆ ಎಂದು ಚುರುಕಾದ ವಿದ್ಯಾರ್ಥಿ ಇಷ್ಟರಲ್ಲಿ ಗುರುತಿಸಿರಬೇಕು. ಅದು ನೆಲದ ಬೆಲೆ. ಆ ಕುಟುಂಬಕ್ಕೆ ನಿವೇಶನ ಮೊದಲೇ ಇತ್ತು. ಇಲ್ಲದವರು ಇಂದು ಒಂದು ಕೋಟಿ ಕೊಟ್ಟು ಕೊಳ್ಳಬೇಕಾಯಿತೆನ್ನಿ. ಆ ಕೋಟಿಯನ್ನು ಶೇಕಡಾ 9ಕ್ಕೆ ಸಾಲ ತಂದರೆ ಬಡ್ಡಿಯೇ ವರ್ಷಕ್ಕೆ 9 ಲಕ್ಷ. ಮೂರು ಮನೆಗಳಿಂದ ಬರುವ ನಿವ್ವಳ ಆದಾಯ 3.39 ಲಕ್ಷ. ಯಾವ ತ್ರೈರಾಶಿಯೂ ಈ ಅಂತರವನ್ನು ಮುಚ್ಚಲಾರದು.

ಇದನ್ನೇ ಇನ್ನೊಂದು ರೀತಿ ನೋಡಬಹುದು. ಕಟ್ಟಡದ 50 ಲಕ್ಷದಲ್ಲಿ ಮೂರನೆಯ ಎರಡು ಪಾಲು, ಸುಮಾರು 33 ಲಕ್ಷ, ಬಾಡಿಗೆ ಭಾಗಕ್ಕೆ ಹೋಗಿದೆ. ಅದರ ಮೇಲೆ 3.39 ಲಕ್ಷ ಎಂದರೆ ಶೇಕಡಾ 10ರ ಆಸುಪಾಸು. ಇದು ಒಳ್ಳೆಯ ಗಳಿಕೆ. ನೆಲ, ಕಟ್ಟಡ ಎರಡೂ ಸೇರಿ ಒಂದೂವರೆ ಕೋಟಿ ಎಂದು ಹಿಡಿದು, ಸ್ವಂತ ವಾಸದಿಂದ ಉಳಿದ ಬಾಡಿಗೆಯನ್ನು ವರ್ಷಕ್ಕೆ 2.4 ಲಕ್ಷ ಎಂದು ಸೇರಿಸಿದರೂ ಒಟ್ಟು 5.79 ಲಕ್ಷ, ಶೇಕಡಾ 4ಕ್ಕೂ ಕಡಿಮೆ. ಉಳಿದ ಲಾಭವೆಲ್ಲ ‘ನೆಲದ ಬೆಲೆ ಏರುತ್ತದೆ’ ಎಂಬ ನಂಬಿಕೆಯ ಮೇಲೆ ನಿಂತಿದೆ. ನಂಬಿಕೆ ಇಟ್ಟುಕೊಳ್ಳಬಹುದು, ಆದರೆ ತಿಂಗಳ ಕಂತನ್ನು ನಂಬಿಕೆಯಿಂದ ಕಟ್ಟಲಾಗದು.

ಹೀಗಾಗಿ ಇರುವ ನಿವೇಶನದಲ್ಲಿ ಮನೆ ಸೇರಿಸುವುದು ಒಂದು ಮಾತು. ಸಾಲ ಮಾಡಿ ನಿವೇಶನ ಕೊಂಡು ಬಾಡಿಗೆಗೆ ಕಟ್ಟುವುದು ಬೇರೆಯೇ ಮಾತು. ಪಕ್ಕದ ಮನೆಯವರು ಗೆದ್ದರೆಂದು ಹೊರಡುವ ಮೊದಲು ಅವರ ನಿವೇಶನ ಯಾವ ಕಾಲದ್ದೆಂದು ಕೇಳಬೇಕು.

ಮುಂಗಡ ಹಣ ಆದಾಯವಲ್ಲ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಬಹುಕಾಲ ನಡೆದುಬಂತು. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಇದು ರಾಜ್ಯಗಳು ಅಳವಡಿಸಿಕೊಳ್ಳಲೆಂದು ಕೊಟ್ಟ ಮಾದರಿಯೇ ಹೊರತು ತಾನಾಗಿ ಎಲ್ಲೆಡೆ ಜಾರಿಯಾಗುವ ಕಾನೂನಲ್ಲ. ಎಷ್ಟೇ ತಿಂಗಳಿನದಾಗಲಿ, ಮುಂಗಡ ಎಂಬುದು ಹಿಂದಿರುಗಿಸಬೇಕಾದ ಸಾಲ. ಅದರಿಂದ ಟೈಲ್ಸ್ ಹಾಕಿಸಿದವರು ಬಾಡಿಗೆದಾರ ಮನೆ ಬಿಡುವ ದಿನ ‘ಹೊಸಬರು ಬರಲಿ, ಅವರ ಮುಂಗಡದಿಂದ ಕೊಡುತ್ತೇನೆ’ ಎನ್ನಬೇಕಾಗುತ್ತದೆ. ಆ ಬಾಡಿಗೆದಾರನಿಗೂ ಮುಂದಿನ ಮನೆಗೆ ಮುಂಗಡ ಕೊಡಬೇಕಾಗಿರುತ್ತದಲ್ಲವೇ?

ಇನ್ನೊಂದು ಪದ್ಧತಿ ಭೋಗ್ಯ. ನಗರದ ಬಾಯಲ್ಲಿ ‘ಲೀಸ್’. ದೊಡ್ಡ ಮೊತ್ತವೊಂದನ್ನು ಮಾಲೀಕನಿಗೆ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದಾಗ ಪೂರ್ತಿ ಹಣ ಹಿಂದಕ್ಕೆ ಪಡೆಯುವುದು. 11,000 ಬಾಡಿಗೆಯ ಮನೆಯನ್ನು 10 ಲಕ್ಷಕ್ಕೆ ಭೋಗ್ಯ ಕೊಟ್ಟರೆಂದುಕೊಳ್ಳಿ. ಮಾಲೀಕ ಬಿಟ್ಟುಕೊಟ್ಟ ಬಾಡಿಗೆ ವರ್ಷಕ್ಕೆ 1,32,000. ಅಂದರೆ ಆ ಹತ್ತು ಲಕ್ಷವನ್ನು ಅವನು ಶೇಕಡಾ 13.2ರ ಬಡ್ಡಿಗೆ ಸಾಲ ಪಡೆದಂತಾಯಿತು. ಬ್ಯಾಂಕು 9ಕ್ಕೆ ಕೊಡುವಾಗ ಇದು ದುಬಾರಿ. ಕೊಟ್ಟವನ ಕಡೆಯಿಂದ ನೋಡಿದರೆ ಬಾಡಿಗೆ ಉಳಿಯುತ್ತದೆ, ಆದರೆ ಜೀವಮಾನದ ಗಳಿಕೆ ಒಬ್ಬ ವ್ಯಕ್ತಿಯ ಕೈ ಸೇರುತ್ತದೆ. ಕಟ್ಟಡ ಮೊದಲೇ ಬ್ಯಾಂಕಿಗೆ ಅಡವಿದ್ದು, ಕಂತು ತಪ್ಪಿ ಬ್ಯಾಂಕು ಬಾಗಿಲಿಗೆ ಬಂದರೆ ಭೋಗ್ಯದವರ ಪಾಡು ಕಷ್ಟ. ಋಣಭಾರ ಪತ್ರ ನೋಡದೆ, ಪತ್ರ ನೋಂದಣಿ ಮಾಡಿಸದೆ ಭೋಗ್ಯದ ಹಣ ಕೊಡಲೇಬಾರದು.

ಕಾಗದ ಪತ್ರದ ಪಾಠ

ಬಾಡಿಗೆ ಕರಾರು ಯಾವಾಗಲೂ ಹನ್ನೊಂದೇ ತಿಂಗಳಿಗೆ ಏಕೆ ಎಂದು ಮಕ್ಕಳು ಕೇಳುವುದುಂಟು. ಉತ್ತರ 1908ರ ನೋಂದಣಿ ಕಾಯ್ದೆಯಲ್ಲಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸುವುದು ಕಡ್ಡಾಯ. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳ ರೂಢಿ ಬೆಳೆಯಿತು.

ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನಕ್ಕೆ 1999ರ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಾಗಾಗಿ ಇಂದಿನ ಬಹುಪಾಲು ಮಹಡಿ ಮನೆಗಳ ವ್ಯವಹಾರ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಇಬ್ಬರೂ ರುಜು ಹಾಕಿದ ಕರಾರಿನ ಮೇಲೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು ಹದಿನೈದು ದಿನದ ತಿಳಿವಳಿಕೆ ಪತ್ರ ಸಾಕು. ಶಾಲೆಯ ವರ್ಷದ ನಡುವೆ ಮನೆ ಬಿಡಬೇಕಾದ ಮಗುವಿನ ಕಷ್ಟ ನೆನೆದರೆ ಎರಡು ತಿಂಗಳ ಅವಧಿ ಬರೆದುಕೊಳ್ಳುವುದು ಇಬ್ಬರಿಗೂ ಹಿತ. ಬಾಡಿಗೆ ಏರಿಕೆ ಎಷ್ಟು, ಬಣ್ಣದ ಖರ್ಚು ಯಾರದು, ನೀರಿನ ಟ್ಯಾಂಕರ್ ಹಣ ಹೇಗೆ ಹಂಚಿಕೆ, ಮುಂಗಡ ಯಾವ ದಿನ ವಾಪಸು, ಎಲ್ಲವೂ ಅಕ್ಷರದಲ್ಲಿರಲಿ.

ಬಾಡಿಗೆ ಅತಿ ಕಡಿಮೆಯಾದರೂ ಅಪಾಯವೇ ಎಂಬುದಕ್ಕೆ ಮುಂಬಯಿ ಸಾಕ್ಷಿ. ಅಲ್ಲಿ 1947ರ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟದಲ್ಲಿ ಹಿಡಿದಿಟ್ಟಿತು. ಬಾಡಿಗೆದಾರರಿಗೆ ನೆಲೆ ಸಿಕ್ಕಿತು, ಆದರೆ ಮಾಲೀಕರು ದುರಸ್ತಿ ನಿಲ್ಲಿಸಿದರು. ಚಾಳುಗಳು ಶಿಥಿಲಗೊಂಡು, ಸರ್ಕಾರವೇ ತೆರಿಗೆ ಹಾಕಿ ದುರಸ್ತಿ ಮಂಡಲಿ ರಚಿಸಬೇಕಾಯಿತು. ಬಾಡಿಗೆಯೊಳಗೆ ದುರಸ್ತಿಯ ಪಾಲು ಇದ್ದೇ ಇರುತ್ತದೆ. ಅದನ್ನು ಕೊಡದಿದ್ದರೂ ತಪ್ಪು, ಪಡೆದು ದುರಸ್ತಿ ಮಾಡಿಸದಿದ್ದರೂ ತಪ್ಪು.

ಕಟ್ಟುವ ಮುನ್ನ ನಿವೇಶನದ ಮೂಲಪತ್ರ, ಋಣಭಾರ ಪತ್ರ, ಖಾತೆ ಮೂರನ್ನೂ ವಕೀಲರಿಗೆ ತೋರಿಸಬೇಕು. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ನಿರ್ದೇಶಿಸಿತು. ಚಿಕ್ಕ ನಿವೇಶನಗಳಿಗೆ 2025ರಲ್ಲಿ ರಾಜ್ಯದಲ್ಲಿ ಕೆಲವು ವಿನಾಯಿತಿಗಳು ಬಂದವು. ನಿಯಮ ಹೀಗೆ ಬದಲಾಗುತ್ತಿರುವುದರಿಂದ ತಮ್ಮ ನಿವೇಶನದಲ್ಲಿ ಎಷ್ಟು ಅಂತಸ್ತು, ಎಷ್ಟು ಮನೆಗಳಿಗೆ ಅನುಮತಿಯಿದೆ ಎಂಬುದನ್ನು ಪಾಲಿಕೆಯಲ್ಲೇ ಕೇಳಿ ತಿಳಿಯಬೇಕು. ‘ಒಂದು ಮಹಡಿ ಜಾಸ್ತಿ ಎಬ್ಬಿಸಿ, ಯಾರು ಕೇಳ್ತಾರೆ’ ಎನ್ನುವ ಮೇಸ್ತ್ರಿ ಮುಂದೆ ನೋಟೀಸು ಬಂದ ದಿನ ಜೊತೆಗಿರುವುದಿಲ್ಲ.

ಬಾಡಿಗೆಗೆ ಆದಾಯ ತೆರಿಗೆಯೂ ಇದೆ. ಬಂದ ಬಾಡಿಗೆಯಲ್ಲಿ ಕಟ್ಟಿದ ಪಾಲಿಕೆ ತೆರಿಗೆ ಕಳೆದು, ಉಳಿದುದರಲ್ಲಿ ಶೇಕಡಾ 30ನ್ನು ದುರಸ್ತಿ ಇತ್ಯಾದಿಗೆಂದು ಬಿಟ್ಟು, ಸಾಲದ ಬಡ್ಡಿಯನ್ನೂ ಕಳೆಯಬಹುದು. ನಮೂದಿಸಿದ ಕುಟುಂಬದಲ್ಲಿ 4,29,000ದಿಂದ ಬಾಡಿಗೆ ಭಾಗದ ತೆರಿಗೆ 10,000 ಕಳೆದರೆ 4,19,000. ಅದರ ಶೇಕಡಾ 30, ಅಂದರೆ 1,25,700 ಬಿಟ್ಟರೆ 2,93,300. ಮೊದಲ ವರ್ಷದ ಬಡ್ಡಿ ಸುಮಾರು 2.68 ಲಕ್ಷ, ಬಾಡಿಗೆ ಭಾಗಕ್ಕೆ ಅದರ ಮೂರನೆಯ ಎರಡು ಪಾಲು ಸುಮಾರು 1.78 ಲಕ್ಷ. ಆದಾಯವೆಂದು ತೋರಿಸಬೇಕಾದದ್ದು ಸುಮಾರು 1.15 ಲಕ್ಷ. ಸಾಲ ತೀರುತ್ತ ಬಂದಂತೆ ಬಡ್ಡಿ ಇಳಿದು ಈ ಮೊತ್ತ ಏರುತ್ತದೆ.

ನೀರು, ಗಾಳಿ, ಬೆಳಕು

ನಾಲ್ಕು ಸಂಸಾರದ ಹದಿನಾಲ್ಕು ಜನ ಒಂದು ಕಟ್ಟಡದಲ್ಲಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದ ಮಾನದಂಡ. ದಿನಕ್ಕೆ 1,890 ಲೀಟರ್. ನಲ್ಲಿಯ ನೀರು ದಿನ ಬಿಟ್ಟು ದಿನ ಬರುವ ಕಡೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಸಂಪು ಬೇಕು. ಅದು ಹಿಡಿಯುವುದು 6,000 ಲೀಟರ್, ಮೂರು ದಿನಕ್ಕೆ ಸಾಲುತ್ತದೆ.

2024ರ ಬೇಸಿಗೆಯಲ್ಲಿ ಬೆಂಗಳೂರು ಕಂಡ ನೀರಿನ ಬರ ಮನೆ ಮಾಲೀಕರಿಗೆ ಪಾಠ ಕಲಿಸಿತು. ಕೊಳವೆಬಾವಿ ಬತ್ತಿದ ಕಡೆ ಟ್ಯಾಂಕರಿನ ಖರ್ಚು ಬಾಡಿಗೆಯ ಲೆಕ್ಕವನ್ನೇ ತಲೆಕೆಳಗು ಮಾಡಿತು. ನಗರದಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. 700 ಚದರ ಅಡಿಯ ತಾರಸಿ ಎಂದರೆ 65 ಚದರ ಮೀಟರ್. ಅದರ ಮೇಲೆ ಬೀಳುವ ನೀರು 63,000 ಲೀಟರ್. ಐದರಲ್ಲೊಂದು ಪಾಲು ವ್ಯರ್ಥವಾದರೂ 50,000 ಲೀಟರ್ ಉಳಿಯಿತು. ಆ ಹದಿನಾಲ್ಕು ಜನರಿಗೆ ಇಪ್ಪತ್ತಾರು ದಿನದ ನೀರು! ಬೆಂಗಳೂರಿನಲ್ಲಿ 30×40ರ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹ 2009ರ ತಿದ್ದುಪಡಿಯಿಂದಲೇ ಕಡ್ಡಾಯ.

ಪ್ರತಿ ಮನೆಗೂ ಬೇರೆ ವಿದ್ಯುತ್ ಮೀಟರ್ ಇರಲಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಲ್ಲುತ್ತದೆ, ಮೀಟರ್ ಬೇರೆಯಿಲ್ಲದಿದ್ದರೆ ಅದರ ಪ್ರಯೋಜನ ಪಡೆಯುವುದು ತೊಡಕು. ಅಡುಗೆಮನೆ, ಬಚ್ಚಲಿಗೆ ಹೊರಗಾಳಿ ತಾಗುವ ಕಿಟಕಿ ಬೇಕು. ಅಡಿ ಜಾಗದ ಆಸೆಗೆ ಪಕ್ಕದ ಗೋಡೆಗೆ ಒತ್ತಿ ಕಟ್ಟಿದರೆ ಗೋಡೆಗಳು ಒದ್ದೆ ಹಿಡಿದು, ಬೂಷ್ಟು ಬೆಳೆದು, ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾಗುತ್ತಾರೆ. ಒಂದು ಕಿಟಕಿಯ ಖರ್ಚಿಗಿಂತ ಒಂದು ತಿಂಗಳ ಖಾಲಿ ಮನೆ ದುಬಾರಿ.

ಹಣ ಸಾಲದವರು ಹಂತ ಹಂತವಾಗಿ ಕಟ್ಟಬಹುದು. ಆದರೆ ತಳಪಾಯ ಮತ್ತು ಕಂಬಗಳನ್ನು ಮೂರು ಅಂತಸ್ತಿನ ಭಾರಕ್ಕೇ ಎಂಜಿನಿಯರರಿಂದ ಲೆಕ್ಕ ಹಾಕಿಸಿ ಮೊದಲೇ ಹಾಕಬೇಕು. ಮುಂದಿನ ಮಹಡಿಗೆಂದು ಬಿಟ್ಟ ಕಂಬಿಗಳಿಗೆ ಸಿಮೆಂಟು ಗಾರೆಯ ಕವಚವಿಲ್ಲದಿದ್ದರೆ ನಾಲ್ಕು ಮಳೆಗಾಲದಲ್ಲಿ ತುಕ್ಕು ತಿನ್ನುತ್ತದೆ.

ಮೇಲಿನ ಮನೆಯ ಸಂಸಾರ

ಬಾಡಿಗೆಯ ಲೆಕ್ಕದಲ್ಲಿ ಕಾಣದ ಒಂದು ವಿಷಯ ಮನುಷ್ಯರದು. ಮೆಟ್ಟಿಲು ಹತ್ತಿ ಬಂದವರನ್ನು ‘ನೀವು ಯಾವ ಜನ, ಏನು ತಿನ್ನುತ್ತೀರಿ’ ಎಂದು ಕೇಳಿ ಬಾಗಿಲಲ್ಲೇ ಹಿಂದಕ್ಕೆ ಕಳಿಸುವ ರೂಢಿ ಇನ್ನೂ ಹೋಗಿಲ್ಲ. ನ್ಯಾಯದ ಮಾತು ಹಾಗಿರಲಿ, ವ್ಯವಹಾರದ ಮಾತಿನಲ್ಲೂ ಇದು ದಡ್ಡತನ. ಬಾಡಿಗೆ ಸರಿಯಾಗಿ ಕೊಡುತ್ತಾರೆಯೇ, ಮನೆಯನ್ನು ಶುಚಿಯಾಗಿಡುತ್ತಾರೆಯೇ, ನಾಲ್ಕು ವರ್ಷ ನಿಲ್ಲುತ್ತಾರೆಯೇ ಎಂಬುದಕ್ಕೂ ಜಾತಿಗೂ ಸಂಬಂಧವಿಲ್ಲ. ನಾಲ್ಕು ವರ್ಷ ನಿಂತ ಒಳ್ಳೆಯ ಬಾಡಿಗೆದಾರನಿಗೆ ಐನೂರು ರೂಪಾಯಿ ಕಡಿಮೆ ಬಾಡಿಗೆ ತೆಗೆದುಕೊಂಡರೂ ಮಾಲೀಕನಿಗೆ ಲಾಭವೇ. ವರ್ಷಕ್ಕೆ ಕಳೆದುಕೊಂಡದ್ದು 6,000. ಒಂದು ತಿಂಗಳು ಖಾಲಿ ಬಿದ್ದರೆ ನಷ್ಟ 11,000.

ಇನ್ನು ಸಾಲದ ಅರ್ಜಿಯ ವಿಷಯ. ನಿವೃತ್ತಿ ಹತ್ತಿರವಿದ್ದವರಿಗೆ ಬ್ಯಾಂಕುಗಳು ದೀರ್ಘಾವಧಿಯ ಸಾಲ ಕೊಡಲು ಹಿಂಜರಿಯುತ್ತವೆ, ದುಡಿಯುವ ಮಗ ಅಥವಾ ಮಗಳನ್ನು ಜೊತೆ ಸಾಲಗಾರರಾಗಿ ಕೇಳುತ್ತವೆ. ಪದವಿ ಮುಗಿಸಿ ಮೊದಲ ಸಂಬಳ ಎಣಿಸುವ ಮೊದಲೇ ಇಪ್ಪತ್ತು ವರ್ಷದ ಕಂತಿಗೆ ರುಜು ಹಾಕುವುದು ಸಣ್ಣ ಸಂಗತಿಯಲ್ಲ. ಮುಂದೆ ಉನ್ನತ ವ್ಯಾಸಂಗಕ್ಕೆ ಹೋಗಬೇಕೆಂದರೆ, ತನ್ನದೇ ಮನೆಗೆ ಸಾಲ ಬೇಕೆಂದರೆ ಈ ರುಜು ಅಡ್ಡ ಬರಬಹುದು. ಅದನ್ನು ಮಗಳಿಗೆ ಬಿಡಿಸಿ ಹೇಳಿ, ಅವಳ ಒಪ್ಪಿಗೆ ಕೇಳಿ ಮುಂದುವರಿಯಬೇಕು. ಭವಿಷ್ಯನಿಧಿಯ ಹಣ ಪೂರ್ತಿ ಗಾರೆಯಲ್ಲಿ ಕಲಸಿಹೋದ ವರ್ಷವೇ ಮಗನಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕರೆ? ಎರಡನೆಯ ಮಹಡಿ ಎರಡು ವರ್ಷ ಕಾಯುತ್ತದೆ, ಕಾಲೇಜಿನ ಸೀಟು ಕಾಯುವುದಿಲ್ಲ. ಆ ಕುಟುಂಬ ನೆಲಮಹಡಿ, ಮೊದಲ ಮಹಡಿ ಮಾತ್ರ ಕಟ್ಟಿ, ಸಾಲವನ್ನು ಕಡಿಮೆ ಮಾಡಿಕೊಂಡು, ಮಗನ ಓದು ಮುಗಿದ ಮೇಲೆ ಉಳಿದುದಕ್ಕೆ ಕೈಹಾಕಿದರೆ ಕಳೆದುಕೊಳ್ಳುವುದು ಸ್ವಲ್ಪ, ಉಳಿಸಿಕೊಳ್ಳುವುದು ಬಹಳ.

ಈ ಭಾನುವಾರ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ಎಡಗಡೆ ಬರುವ ಹಣ, ಬಲಗಡೆ ಹೋಗುವ ಹಣ ಎಂದು ಗೆರೆ ಎಳೆಯಲು ಮಕ್ಕಳಿಗೆ ಹೇಳಿ. ಅಂಕಿಗಳನ್ನು ತಂದೆ ತಾಯಿ ಹೇಳಲಿ, ಕೂಡುವುದು ಕಳೆಯುವುದು ಮಕ್ಕಳದಾಗಲಿ. ಒಮ್ಮೆ ಬಡ್ಡಿ ಏರಿಸಿ, ಒಮ್ಮೆ ಮನೆ ಖಾಲಿ ಬಿಟ್ಟು, ಒಮ್ಮೆ ಬಾಡಿಗೆ ಇಳಿಸಿ ಮೂರು ಸಲ ಲೆಕ್ಕ ಮಾಡಲಿ. ಮೂರೂ ಸಲ ಮನೆ ನಡೆಯುವಷ್ಟು ಹಣ ಉಳಿದರೆ ಎಂಜಿನಿಯರರನ್ನು ಕರೆಯಬಹುದು. ಒಂದು ಸಲವಾದರೂ ಉಳಿಯದಿದ್ದರೆ, ಅಷ್ಟು ದೊಡ್ಡ ತಪ್ಪನ್ನು ಒಂದು ನೋಟ್‌ಬುಕ್ಕಿನ ಬೆಲೆಗೆ ತಪ್ಪಿಸಿಕೊಂಡಂತಾಯಿತು.